‘ವಯ್ಯ’ ಎಂಬುದಕ್ಕೆ ಕಾಲಂ ಇರಲಿಲ್ಲ

ಆ ಹಾಳೆಯಲ್ಲಿ ಇದ್ದದ್ದು ಎರಡೇ ಆಯ್ಕೆ: ‘ವಿಲ್ಲಿಂಗ್’ ಮತ್ತು ‘ನಾಟ್ ವಿಲ್ಲಿಂಗ್’. ಪ್ರತಿ ಗುರುವಾರ ಸಂಜೆ ನಾಲ್ಕು ಗಂಟೆಯೊಳಗೆ ನನ್ನ ತಂಡದ ಹನ್ನೊಂದು ಜನರ ಹೆಸರಿನ ಮುಂದೆ ಎರಡರಲ್ಲಿ ಒಂದನ್ನು ಆರಿಸಿ ಕಳಿಸಬೇಕಿತ್ತು. ವಾರಾಂತ್ಯದ ಕೆಲಸಕ್ಕೆ ಯಾರು ತಾವಾಗಿ ಒಪ್ಪಿದ್ದಾರೆ, ಯಾರು ಒಪ್ಪಿಲ್ಲ ಎಂದು ತಿಳಿಸುವ ಹಾಳೆ ಅದು. ತುಂಬುವವಳು ನಾನು, ಏಕೆಂದರೆ ನಾನು ಟೆಸ್ಟಿಂಗ್ ತಂಡದ ಲೀಡ್.

ನಾವು ಪರೀಕ್ಷಿಸುತ್ತಿದ್ದದ್ದು ವಿದೇಶದ ಒಬ್ಬ ಪಬ್ಲಿಷರ್‌ಗಾಗಿ ತಯಾರಾಗುತ್ತಿದ್ದ ವಿಡಿಯೋ ಗೇಮ್. ಅದನ್ನು ಬರೆಯುತ್ತಿದ್ದ ಪ್ರೋಗ್ರಾಮರ್‌ಗಳು ತಿರುವನಂತಪುರದ ಆಫೀಸಿನಲ್ಲಿದ್ದರು, ಪರೀಕ್ಷಿಸುವ ನಾವು ಕೊಚ್ಚಿಯ ಕಾಕ್ಕನಾಡಿನಲ್ಲಿ, ಐಟಿ ಪಾರ್ಕಿನ ಒಂದು ಕಟ್ಟಡದ ಏಳನೆಯ ಮಹಡಿಯಲ್ಲಿ. ನನ್ನ ಸಂಸಾರ ಇರುವುದೂ ತಿರುವನಂತಪುರದಲ್ಲೇ. ಗಂಡ ಅಲ್ಲಿನ ಒಂದು ಕೇಂದ್ರ ಸಂಸ್ಥೆಯಲ್ಲಿ ವಿಜ್ಞಾನಿ. ಮೈಸೂರು ಬಿಟ್ಟು ಬಂದು ಹನ್ನೊಂದು ವರ್ಷವಾಗಿತ್ತು. ಈ ಗೇಮ್ ಮುಗಿಯುವ ತನಕ ಎಂದು ನನ್ನನ್ನು ಕೊಚ್ಚಿಗೆ ಕಳಿಸಿದ್ದರು.

ಗೇಮ್‌ನಲ್ಲಿ ಒಬ್ಬ ಗಣಿ ಕೆಲಸಗಾರ ನೆಲದಡಿ ಸಿಕ್ಕಿಬಿದ್ದಿರುತ್ತಾನೆ. ಮೂರನೆಯ ಹಂತದಲ್ಲಿ ಅವನ ದೀಪ ಆರುತ್ತದೆ. ಅಲ್ಲಿಂದ ಪರದೆ ಪೂರ್ತಿ ಕಪ್ಪು. ಆಡುವವರು ಕಿವಿಯನ್ನೇ ನಂಬಿ ದಾರಿ ಹುಡುಕಬೇಕು: ಎಡಕ್ಕೆ ನೀರು ತೊಟ್ಟಿಕ್ಕುವ ಸದ್ದು, ಬೆನ್ನ ಹಿಂದೆ ಮರದ ಆಸರೆ ಕಿರುಗುಟ್ಟುವ ಸದ್ದು. ಸದ್ದು ಸರಿಯಾದ ದಿಕ್ಕಿನಿಂದ ಬರದಿದ್ದರೆ ಆಟವೇ ಇಲ್ಲ. ಆದ್ದರಿಂದ ಇಡೀ ತಂಡದಲ್ಲಿ ಅತಿ ಮುಖ್ಯವಾದ ವ್ಯಕ್ತಿ ನಾನಲ್ಲ, ಧ್ವನಿ ಪರೀಕ್ಷಿಸುತ್ತಿದ್ದ ಹೆಂಗಸು.

ಆಕೆಗೆ ಮೂವತ್ತಾರು ವರ್ಷ. ಏಲೂರಿನಲ್ಲಿ ಮನೆ, ಎರಡು ಬಸ್ ಬದಲಿಸಿ ಬರುತ್ತಿದ್ದಳು. ಮೂರು ವರ್ಷದಿಂದ ಕಾಂಟ್ರ್ಯಾಕ್ಟ್ ಮೇಲೆ ಇದ್ದಳು. ಈ ಗೇಮ್ ಹೊರಬಿದ್ದ ಮೇಲೆ ಕಾಯಂ ಮಾಡುತ್ತೇವೆ ಎಂದು ನಮ್ಮ ಮ್ಯಾನೇಜರ್ ನನ್ನೆದುರೇ ಆಕೆಗೆ ಮಾತು ಕೊಟ್ಟಿದ್ದರು. ಹೆಡ್‌ಫೋನ್ ಹಾಕಿ ಕಣ್ಣು ಮುಚ್ಚಿ ಕೂರುತ್ತಿದ್ದಳು. ಗಡಿಯಾರದ ಮುಳ್ಳಿನ ಲೆಕ್ಕದಲ್ಲಿ ದಿಕ್ಕು ಹೇಳುತ್ತಿದ್ದಳು: ಒಂಬತ್ತು ಗಂಟೆ ಎಂದರೆ ನೇರ ಎಡಕ್ಕೆ, ಏಳು ಎಂದರೆ ಎಡಗಡೆ ಸ್ವಲ್ಪ ಹಿಂದೆ. ಅರ್ಧ ಗಂಟೆಯ ವ್ಯತ್ಯಾಸವನ್ನೂ ಹಿಡಿಯುತ್ತಿದ್ದಳು. ನಾನು ಹತ್ತು ಸಲ ಕೇಳಿದರೂ ನನಗೆ ತಿಳಿಯುತ್ತಿರಲಿಲ್ಲ. ತಂಡದವರು ಆಕೆಯನ್ನು ತಮಾಷೆಗೆ ‘ಬಾವಲಿ’ ಎನ್ನುತ್ತಿದ್ದರು. ಆಕೆಯೂ ಅದನ್ನು ತಮಾಷೆಯಾಗಿಯೇ ತೆಗೆದುಕೊಳ್ಳುತ್ತಿದ್ದಳು.

ಬಿಲ್ಡ್, ಅಂದರೆ ಗೇಮ್‌ನ ಸಿದ್ಧ ಪ್ರತಿ, ಒಪ್ಪಿಸಲು ಒಂಬತ್ತು ವಾರ ಉಳಿದಾಗ ವಾರಾಂತ್ಯದ ಕೆಲಸ ಶುರುವಾಯಿತು. ಪಬ್ಲಿಷರ್‌ನವರ ನಿಯಮಗಳು ಓದಲು ಚೆನ್ನಾಗಿದ್ದವು. ಹೆಚ್ಚಿನ ಕೆಲಸಕ್ಕೆ ಯಾರನ್ನೂ ಒತ್ತಾಯಿಸಬಾರದು, ಅದಕ್ಕೇ ಆ ಹಾಳೆ. ಒಪ್ಪದವರ ಮೇಲೆ ಯಾವ ಕ್ರಮವೂ ಇಲ್ಲ. ಇನ್ನೊಂದು ನಿಯಮವೂ ಇತ್ತು: ಈ ಅವಧಿಯಲ್ಲಿ ಯಾರಾದರೂ ಕಾಯಿಲೆ ಎಂದು ವರದಿಯಾದರೆ, ಪಬ್ಲಿಷರ್ ಕಡೆಯಿಂದ ವಿಚಾರಣೆ ಮುಗಿಯುವವರೆಗೆ ಇಡೀ ತಂಡದ ವಾರಾಂತ್ಯದ ಕೆಲಸ ನಿಲ್ಲಬೇಕು. ನಿಲ್ಲಿಸಿದರೆ ಒಪ್ಪಿಸುವ ದಿನ ಮುಂದೆ ಹೋಗುತ್ತದೆ. ದಿನ ಮುಂದೆ ಹೋಗದಂತೆ ನೋಡಿಕೊಳ್ಳುವುದೇ ಮ್ಯಾನೇಜರ್ ಕೆಲಸವಾಗಿತ್ತು. ಹಾಗಾಗಿ ನಮ್ಮ ಹಾಳೆಯಲ್ಲಿ ಎರಡೇ ಆಯ್ಕೆ. ಪಕ್ಕದಲ್ಲಿ ಷರಾ ಬರೆಯಲು ಒಂದು ಖಾಲಿ ಚೌಕ ಇತ್ತು. ಅದನ್ನು ಖಾಲಿಯಾಗಿಯೇ ಇಡಿ ಎಂದು ಮೊದಲ ವಾರವೇ ಹೇಳಿದ್ದರು.

ಇನ್ನು ಆ ಪದ. ಮಲಯಾಳದಲ್ಲಿ ‘ಎನಿಕ್ಕ್ ವಯ್ಯ’ ಎಂದರೆ ನನಗೆ ಹುಷಾರಿಲ್ಲ ಎಂದೂ ಆಗುತ್ತದೆ, ನನ್ನ ಕೈಲಾಗಲ್ಲ ಎಂದೂ ಆಗುತ್ತದೆ. ಸಾಕಪ್ಪಾ ಸಾಕು ಎಂದು ನಗುವಾಗಲೂ ಅದನ್ನೇ ಅನ್ನುತ್ತಾರೆ. ನಮ್ಮಲ್ಲಿ ಹುಷಾರಿಲ್ಲ ಬೇರೆ, ಆಗಲ್ಲ ಬೇರೆ. ಅವರಿಗೆ ಎಲ್ಲಕ್ಕೂ ಒಂದೇ, ವ್ಯತ್ಯಾಸ ಇರುವುದು ಹೇಳುವ ದನಿಯಲ್ಲಿ. ಐದನೆಯ ವಾರದ ಹೊತ್ತಿಗೆ ತಂಡದ ವಾಟ್ಸ್ಯಾಪ್ ಗುಂಪಿನಲ್ಲಿ ಈ ಪದ ಸವೆದುಹೋಗಿತ್ತು. ಗಣಿಯ ಆರನೆಯ ಸುರಂಗದಲ್ಲಿ ಅದೇ ಬಗ್ ಮತ್ತೆ ಬಂತು: ವಯ್ಯ. ಕ್ಯಾಂಟೀನಿನಲ್ಲಿ ಮತ್ತೆ ಅದೇ ಕಡಲೆ ಕರಿ: ವಯ್ಯ. ಜೊತೆಗೆ ನಗುವ ಮುಖಗಳ ಸಾಲು.

ಆ ಗುರುವಾರ ಮಧ್ಯಾಹ್ನ ಮೂರೂವರೆ ದಾಟಿದ ಮೇಲೆ ಆಕೆಯ ಸಂದೇಶ ಗುಂಪಿಗೆ ಬಂತು. ಊಟದ ಹೊತ್ತಿಗೇ ಹೇಳಿ ಮನೆಗೆ ಹೋಗಿದ್ದಳು, ಮಗನ ಶಾಲೆಯ ಕೆಲಸವೇನೋ ಎಂದುಕೊಂಡಿದ್ದೆ. ತನಗೆ ವಯ್ಯ, ಈ ಶನಿವಾರ ಇರುವುದಿಲ್ಲ ಎಂದು ಬರೆದಿದ್ದಳು. ಒಬ್ಬರು ತಕ್ಷಣ, ಬಾವಲಿಗೂ ವಯ್ಯವಾದರೆ ನಾವು ಗಣಿಯಲ್ಲೇ ಸಾಯುತ್ತೇವೆ ಎಂದು ಉತ್ತರಿಸಿದರು. ಮತ್ತೆ ನಗುವ ಮುಖಗಳು. ನಾನು ಹಾಳೆ ತೆರೆದು ಆಕೆಯ ಹೆಸರಿನ ಮುಂದೆ ‘ನಾಟ್ ವಿಲ್ಲಿಂಗ್’ ಆರಿಸಿದೆ. ನಾಲ್ಕಕ್ಕೆ ಎರಡು ನಿಮಿಷ ಇರುವಾಗ ಕಳಿಸಿದೆ.

ಸೋಮವಾರ ಆಕೆ ಬಂದಳು. ಮುಖ ಸಪ್ಪಗಿತ್ತು, ಆದರೆ ಆಗ ಯಾರ ಮುಖವೂ ಗೆಲುವಾಗಿರಲಿಲ್ಲ. ಮಂಗಳವಾರ ಬೆಳಗ್ಗೆ ನನ್ನ ಮೇಜಿನ ಹತ್ತಿರ ಬಂದು, ಆಸ್ಪತ್ರೆಗೆ ಹೋಗಬೇಕು, ಅರ್ಧ ದಿನ ಬಿಡಬಹುದೇ ಎಂದು ಕೇಳಿದಳು. ಆಕೆಯ ಅತ್ತೆಯನ್ನು ತಿಂಗಳಿಗೊಮ್ಮೆ ತಪಾಸಣೆಗೆ ಕರೆದೊಯ್ಯುವುದು ನನಗೆ ಗೊತ್ತಿತ್ತು. ಯಾರಿಗೆ ಎಂದು ನಾನು ಕೇಳಲಿಲ್ಲ. ಬುಧವಾರ ಒಂದು ಬಿಲ್ಡ್ ಹೋಗಬೇಕಿದೆ, ಆಮೇಲೆ ನೋಡೋಣ ಎಂದೆ. ಶರಿ ಚೇಚ್ಚಿ, ಆಗಲಿ ಅಕ್ಕ, ಎಂದು ಹೋದಳು. ಬುಧವಾರ ಆಕೆ ಮತ್ತೆ ಕೇಳಲಿಲ್ಲ, ನಾನೂ ನೆನಪಿಸಲಿಲ್ಲ.

ಅದೇ ಮಂಗಳವಾರ ಸಂಜೆ ಆಕೆ ಒಂದು ಬಗ್ ದಾಖಲಿಸಿದಳು. ನಮ್ಮಲ್ಲಿ ಬಗ್ ಬರೆಯುವ ಕ್ರಮವೊಂದಿದೆ: ಏನೇನು ಮಾಡಿದೆವು, ಏನಾಗಬೇಕಿತ್ತು, ಏನಾಯಿತು, ಹತ್ತು ಸಲ ಮಾಡಿದರೆ ಎಷ್ಟು ಸಲ ಹಾಗಾಯಿತು. ಆಕೆ ಬರೆದದ್ದು ಹೀಗಿತ್ತು. ಮೂರನೆಯ ಹಂತ, ದೀಪ ಆರಿದ ಜಾಗ. ಒಂಬತ್ತು ಗಂಟೆ ದಿಕ್ಕಿನಲ್ಲಿ ನೀರು ತೊಟ್ಟಿಕ್ಕಬೇಕು. ಹನ್ನೆರಡು ಗಂಟೆ ದಿಕ್ಕಿನಲ್ಲಿ, ದೂರದಲ್ಲಿ ಕೇಳಿಸುತ್ತಿದೆ. ಎಡಗಡೆಯ ಎಲ್ಲ ಸದ್ದುಗಳೂ ಕ್ಷೀಣ. ಹತ್ತಕ್ಕೆ ಹತ್ತು ಸಲ.

ದೊಡ್ಡ ಬಗ್. ತಿರುವನಂತಪುರದಲ್ಲಿ ಧ್ವನಿಯ ಭಾಗ ಬರೆದಿದ್ದ ಪ್ರೋಗ್ರಾಮರ್ ಉಳಿದದ್ದನ್ನೆಲ್ಲ ಬದಿಗಿಟ್ಟು ಎರಡು ದಿನ ಹುಡುಕಿದ. ಗುರುವಾರ ಮಧ್ಯಾಹ್ನ ಅದು ಮರಳಿ ಬಂತು: ಮರುಕಳಿಸುತ್ತಿಲ್ಲ. ಅಂದರೆ, ನೀವು ಹೇಳಿದಂತೆಯೇ ಮಾಡಿದೆವು, ನಮಗೆ ಹಾಗಾಗಲಿಲ್ಲ. ಮ್ಯಾನೇಜರ್ ನನ್ನನ್ನು ಕರೆದು, ಕೊನೆಯ ವಾರಗಳಲ್ಲಿ ಎರಡು ದಿನ ಹಾಳಾದರೆ ಹೇಗೆ ಮೇಡಂ ಎಂದರು. ದನಿ ಏರಿಸಲಿಲ್ಲ. ಅವರು ಎಂದೂ ದನಿ ಏರಿಸಿದವರಲ್ಲ.

ಅದು ಎರಡನೆಯ ಗುರುವಾರ. ಅಂದೂ ಆಕೆ ಮಧ್ಯಾಹ್ನವೇ ಮನೆಗೆ ಹೋಗಿ, ವಯ್ಯ ಎಂದು ಬರೆದಳು. ಈ ಸಲ ನಾನು ಫೋನ್ ಮಾಡಿದೆ. ಆಕೆಯ ದನಿ ನಿಧಾನವಾಗಿತ್ತು. ಎದ್ದು ನಿಂತರೆ ತಲೆ ಸುತ್ತುತ್ತದೆ, ಸಮುದ್ರಸ್ನಾನ ಮಾಡಿ ಬಂದಾಗ ಆಗುವಂತೆ ಕಿವಿ ಕಟ್ಟಿಕೊಂಡಿದೆ, ಹೋದ ಶನಿವಾರ ಏಲೂರಿನ ಕ್ಲಿನಿಕ್ಕಿನಲ್ಲಿ ಶೀತ ಎಂದು ಕಿವಿಗೆ ಹಾಕುವ ಹನಿಮದ್ದು ಕೊಟ್ಟರು, ಎರಡು ದಿನದಲ್ಲಿ ಕಡಿಮೆಯಾಗದಿದ್ದರೆ ದೊಡ್ಡ ಡಾಕ್ಟರಿಗೆ ತೋರಿಸಿ ಎಂದಿದ್ದರು ಎಂದಳು. ಕೇಳಿಸಿಕೊಂಡು ನಾನು ಮ್ಯಾನೇಜರ್ ಬಳಿ ಹೋಗಿ, ಇದು ಕಾಯಿಲೆ, ಏನು ಹಾಕಲಿ ಎಂದು ಕೇಳಿದೆ.

ಅವರು ಪರದೆಯಿಂದ ಕಣ್ಣು ತೆಗೆಯದೆ, “ಬರುತ್ತಾರಾ, ಬರೋದಿಲ್ವಾ?” ಎಂದರು.

“ಬರೋದಿಲ್ಲ.”

“ಮತ್ತೆ ಪ್ರಶ್ನೆ ಏನು ಮೇಡಂ?”

ನನ್ನ ಕುರ್ಚಿಗೆ ಮರಳಿ ‘ನಾಟ್ ವಿಲ್ಲಿಂಗ್’ ಆರಿಸಿದೆ. ಚೌಕ ಖಾಲಿ ಬಿಟ್ಟೆ. ಉಳಿದ ಹತ್ತು ಜನರ ದುಡಿಮೆ ನಿಂತು ದಿನ ಮುಂದೆ ಹೋದರೆ ಅವರ ಕಾಂಟ್ರ್ಯಾಕ್ಟ್‌ಗಳೂ ಅತಂತ್ರವಾಗುತ್ತವೆ ಎಂದು ಆಗ ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳಲ್ಲ. ಆದರೆ ನಾನು ಆರಿಸಿದ್ದು ಸುಳ್ಳು.

ಮುಂದಿನ ಸೋಮವಾರ ಆಕೆ ಆ ಬಗ್ಗನ್ನು ಮತ್ತೆ ತೆರೆದಳು. ಬೇರೆ ಯಂತ್ರದಲ್ಲಿ, ಬೇರೆ ಹೆಡ್‌ಫೋನಿನಲ್ಲಿ ಮಾಡಿ ನೋಡಿದ್ದಾಗಿ ಬರೆದಿದ್ದಳು. ಹತ್ತಕ್ಕೆ ಹತ್ತು. ನಾನೇ ಹೋಗಿ ಆಕೆಯ ಕುರ್ಚಿಯಲ್ಲಿ ಕುಳಿತು ಕೇಳಿದೆ. ನೀರು ಎಡಕ್ಕೇ ತೊಟ್ಟಿಕ್ಕುತ್ತಿತ್ತು, ಸ್ಪಷ್ಟವಾಗಿ. ಆಕೆಗೆ ಹೇಳಿದೆ. ಆಕೆ ನನ್ನನ್ನು ನೋಡಿದ ರೀತಿ ನನಗೆ ಹಿಡಿಸಲಿಲ್ಲ. ನಾನು ಸುಳ್ಳು ಹೇಳುತ್ತಿದ್ದೇನೆ ಎಂದು ಆಕೆ ಭಾವಿಸಿದಂತೆ ಕಂಡಿತು. ಬಗ್ಗನ್ನು ಮುಚ್ಚಿದೆ. ಇನ್ನು ಸ್ವಲ್ಪ ಎಚ್ಚರ ಇರಲಿ ಎಂದೆ. ಎಲ್ಲರ ಎದುರಿಗೆ ಹೇಳಿದೆ, ಅದನ್ನೂ ಇಲ್ಲಿ ಬರೆಯಬೇಕು.

ಬುಧವಾರ ನಾನು ತಿರುವನಂತಪುರದ ಆಫೀಸಿಗೆ ಹೋಗಬೇಕಾಯಿತು, ಕೊನೆಯ ಬಿಲ್ಡ್‌ನಲ್ಲಿ ಯಾವ ಬಗ್ ಉಳಿಸಬಹುದು, ಯಾವುದು ಕೂಡದು ಎಂದು ತೀರ್ಮಾನಿಸುವ ಸಭೆಗೆ. ಅದು ಮುಗಿದ ಮೇಲೆ ಧ್ವನಿಯ ಪ್ರೋಗ್ರಾಮರ್ ನನ್ನನ್ನು ತಡೆದ. ಮಿತಭಾಷಿ. ಮುಚ್ಚಿದ ಬಗ್ ಇನ್ನೂ ಅವನ ತಲೆಯಲ್ಲಿತ್ತು. ಬಾವಲಿ ತಪ್ಪಾಗಿ ಕೇಳಿಸಿಕೊಳ್ಳುವವಳಲ್ಲ ಎಂದ. ವಿಡಿಯೋ ಕಾಲ್ ಹಚ್ಚಿ ಆಕೆಯನ್ನು ಕರೆದ. ನಾನು ಅವನ ಹಿಂದೆ ನಿಂತಿದ್ದೆ. ಅದೇ ಜಾಗ, ಅದೇ ನೀರಿನ ಸದ್ದು. ಎಡಕ್ಕೆ ಕ್ಷೀಣ ಎಂದಳು.

“ಇನ್ನು ಹೆಡ್‌ಫೋನ್ ತಿರುಗಿಸಿ ಹಾಕ್ಕೊಳ್ಳಿ. ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ.”

ದೋಷ ಎಲ್ಲಿದೆ ಎಂದು ಪತ್ತೆ ಮಾಡುವ ಅತಿ ಸರಳ ಉಪಾಯ ಅದು. ದೋಷ ಗೇಮ್‌ನದ್ದಾದರೆ, ತಿರುಗಿಸಿದಾಗ ಅದು ಬಲಗಿವಿಗೆ ಹೋಗಬೇಕು. ಒಂಬತ್ತು ದಿನದಲ್ಲಿ ನಮಗೆ ಯಾರಿಗೂ ಹೊಳೆದಿರಲಿಲ್ಲ. ಪರದೆಯಲ್ಲಿ ಆಕೆ ಹೆಡ್‌ಫೋನ್ ತೆಗೆದು ತಿರುಗಿಸಿ ಹಾಕಿಕೊಂಡಳು, ಕಣ್ಣು ಮುಚ್ಚಿದಳು. ತುಂಬ ಹೊತ್ತು ಕೇಳಿದಳು.

“ಇಪ್ಪೊಳುಂ ಇಡತ್ತು ತನ್ನೆ,” ಎಂದಳು. ಈಗಲೂ ಎಡಕ್ಕೇ ಕ್ಷೀಣ.

ಆಕೆ ಕಣ್ಣು ತೆರೆದಳು. ಬೇರೆ ಬೇರೆ ಕಂಪನಿಗಳಲ್ಲಿ ಹದಿನೈದು ವರ್ಷ ಟೆಸ್ಟರ್ ಆಗಿದ್ದವಳು, ಅರ್ಥವಾಗಲು ವಿವರಣೆ ಬೇಕಿರಲಿಲ್ಲ. ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟು, ಎಡಗಿವಿಯ ಹತ್ತಿರ ಎರಡು ಬೆರಳು ಉಜ್ಜಿ ನೋಡಿಕೊಂಡಳು. ಆಮೇಲೆ ಬಲಗಿವಿಯ ಹತ್ತಿರ. ಮತ್ತೆ ಎಡಗಿವಿಯ ಹತ್ತಿರ.

“ಚೇಚ್ಚಿ, ಆ ಬಗ್ ಮುಚ್ಚಿದ್ದು ಸರಿಯಾಯ್ತು,” ಎಂದು ನನಗೆ ಹೇಳಿದಳು.

ಮರುದಿನ ಎಡಪ್ಪಳ್ಳಿಯ ಒಂದು ಆಸ್ಪತ್ರೆಯಲ್ಲಿ ಕಿವಿಯ ಡಾಕ್ಟರು ಪರೀಕ್ಷೆ ಮಾಡಿಸಿದರು. ನಾನು ಬೆಳಗಿನ ರೈಲು ಹಿಡಿದು ಬಂದು ಜೊತೆಗಿದ್ದೆ. ಒಳಗಿವಿಯ ನರದ ತೊಂದರೆ, ಕೆಲವರಿಗೆ ಹೀಗೆ ಇದ್ದಕ್ಕಿದ್ದಂತೆ ಆಗುತ್ತದೆ ಎಂದರು. ಶುರುವಾಗಿ ಎಷ್ಟು ದಿನವಾಯಿತು ಎಂದು ಕೇಳಿದರು. ಆಕೆ, ಹದಿನಾಲ್ಕು ಎಂದಳು. ಅವರು ಬರೆಯುವುದನ್ನು ನಿಲ್ಲಿಸಿ ತಲೆ ಎತ್ತಿದರು. ಮೊದಲ ದಿನಗಳಲ್ಲೇ ಬಂದಿದ್ದರೆ ಮದ್ದಿಗೆ ಹೆಚ್ಚು ಅವಕಾಶ ಇರುತ್ತಿತ್ತು ಎಂದಷ್ಟೇ ಹೇಳಿದರು. ಹೆಡ್‌ಫೋನಿನಿಂದ ಹೀಗಾಯಿತೇ ಎಂದು ನಾನು ಕೇಳಿದೆ. ಹಾಗೆ ಹೇಳಲು ಬರುವುದಿಲ್ಲ ಎಂದರು. ಆದ್ದರಿಂದ ನಾನೂ ಹೇಳುವುದಿಲ್ಲ. ಕಾಯಿಲೆ ಎಲ್ಲಿಂದ ಬಂತೋ ಗೊತ್ತಿಲ್ಲ. ತಡವಾಗಿದ್ದು ಎಲ್ಲಿ ಎಂದು ಗೊತ್ತಿದೆ.

ಮಾತ್ರೆಗಳಾದವು, ಕಿವಿಯೊಳಗೆ ಚುಚ್ಚುಮದ್ದುಗಳಾದವು. ತಲೆಸುತ್ತು ನಿಂತಿತು. ಎಡಗಿವಿ ಮರಳಲಿಲ್ಲ. ಗೇಮ್ ನಿಗದಿಯಾದ ದಿನವೇ ಹೋಯಿತು. ತಿಂಗಳ ಕೊನೆಗೆ ಆಕೆಯ ಕಾಂಟ್ರ್ಯಾಕ್ಟ್ ಮುಗಿಯಿತು, ನವೀಕರಿಸಲಿಲ್ಲ. ಕಾರಣವೆಂದು ಕೊಟ್ಟ ಪತ್ರದಲ್ಲಿ ಕಿವಿಯ ಮಾತೇ ಇರಲಿಲ್ಲ. ನಿರ್ಣಾಯಕ ವಾರಗಳಲ್ಲಿ ಎರಡು ಸಲ ಕೆಲಸಕ್ಕೆ ಬರಲು ಇಷ್ಟಪಡಲಿಲ್ಲ, ಇಲ್ಲದ ಬಗ್ಗನ್ನು ಪದೇಪದೇ ದಾಖಲಿಸಿ ಸಮಯ ಹಾಳು ಮಾಡಿದಳು ಎಂದಿತ್ತು. ಒಪ್ಪದವರ ಮೇಲೆ ಕ್ರಮವಿಲ್ಲ ಎಂಬ ನಿಯಮ ಮುರಿದಿಲ್ಲವಂತೆ. ಏಕೆಂದರೆ ಇದು ಕ್ರಮವಲ್ಲ, ನವೀಕರಿಸದಿರುವುದು ಮಾತ್ರ.

ಆಕೆ ಫೋನ್ ಮಾಡಿದಳು. ಅಳಲಿಲ್ಲ, ಬೈಯಲೂ ಇಲ್ಲ. “ಚೇಚ್ಚಿ, ನಾನು ವಯ್ಯ ಎಂದು ಹೇಳಿದ್ದಲ್ಲವಾ? ಇಷ್ಟವಿಲ್ಲ ಎಂದು ಯಾವಾಗ ಹೇಳಿದೆ?” ಎಂದು ಕೇಳಿದಳು. ಈ ಪತ್ರ ಹಿಡಿದುಕೊಂಡು ಬೇರೆ ಯಾವ ಕಂಪನಿಗೂ ಹೋಗುವಂತಿಲ್ಲ, ಒಂದು ಕಿವಿಯವಳು ಎನ್ನುವುದರ ಜೊತೆಗೆ ಮೈಗಳ್ಳಿ ಎಂದೂ ಆಗುತ್ತದೆ ಎಂದಳು. ಕಾಕ್ಕನಾಡಿನ ಕಲೆಕ್ಟರೇಟ್ ಆವರಣದಲ್ಲಿರುವ ಕಾರ್ಮಿಕ ಇಲಾಖೆಯ ಕಚೇರಿಗೆ ದೂರು ಕೊಟ್ಟಿದ್ದಳು. ಕೆಲಸ ವಾಪಸ್ಸು ಬೇಕು, ಆಗದಿದ್ದರೆ ದಾಖಲೆಯಾದರೂ ಸರಿಯಾಗಬೇಕು, ಇದು ಆಕೆ ಕೇಳಿದ್ದು.

ಅದು ತಿಳಿದ ಮೇಲೆ ಮ್ಯಾನೇಜರ್ ನನ್ನನ್ನು ಕರೆದು ಚಹಾ ತರಿಸಿದರು. ಒಂದು ಹಾಳೆ ಮುಂದಿಟ್ಟರು. ಮಲಯಾಳ ನನ್ನ ಮಾತೃಭಾಷೆಯಲ್ಲದ ಕಾರಣ ಸಹೋದ್ಯೋಗಿಯ ಒಂದು ಪದವನ್ನು ತಪ್ಪಾಗಿ ಅರ್ಥ ಮಾಡಿಕೊಂಡು ದಾಖಲಿಸಿದೆ ಎಂದು ನಾನು ಒಪ್ಪಿ ಸಹಿ ಹಾಕುವ ಪತ್ರ. ಹಾಕಿದರೆ ಹಾಳೆಯಲ್ಲಿ ತಿದ್ದುಪಡಿ ಮಾಡುತ್ತೇವೆ, ಆಕೆಗೆ ಒಳ್ಳೆಯ ಪತ್ರ ಕೊಡುತ್ತೇವೆ ಎಂದರು. “ನೀವು ಕನ್ನಡದವರು. ಯಾರೂ ತಪ್ಪು ತಿಳಿಯೋದಿಲ್ಲ. ಭಾಷೆಯ ತಪ್ಪು, ಯಾರ ತಪ್ಪೂ ಅಲ್ಲ.”

ಆಕೆಗೆ ಬೇಕಾದದ್ದು ಆ ಸಹಿಯಿಂದಲೇ ಸಿಗುವಂತಿತ್ತು. ಹಾಗಾಗಿ ಪತ್ರವನ್ನು ಅಲ್ಲೇ ತಳ್ಳಿಬಿಡಲು ಆಗಲಿಲ್ಲ. ಶುಕ್ರವಾರ ಅದನ್ನು ಚೀಲದಲ್ಲಿಟ್ಟುಕೊಂಡು ತಿರುವನಂತಪುರದ ಮನೆಗೆ ಹೋದೆ. ಗಂಡ ಓದಿದರು. ನಮ್ಮ ಮಗಳು ಇಲ್ಲೇ ಬೆಳೆದವಳು. ನಾವು ಕನ್ನಡದಲ್ಲಿ ಕೇಳಿದರೆ ಮಲಯಾಳದಲ್ಲಿ ಉತ್ತರ ಕೊಡುತ್ತಾಳೆ. ಶಾಲೆಯ ದಿನ ಬೆಳಗ್ಗೆ ಹೊದಿಕೆಯೊಳಗಿಂದ ‘ವಯ್ಯ ಅಮ್ಮೇ’ ಎನ್ನುವುದು ಅವಳ ಹಳೆಯ ಚಾಳಿ.

“ಮಗಳು ವಯ್ಯ ಅಂದಾಗ ಜ್ವರವೋ ಸೋಮಾರಿತನವೋ ಅಂತ ನಿನಗೆ ಒಂದು ದಿನವಾದ್ರೂ ಅನುಮಾನ ಬಂದಿದ್ಯಾ?” ಎಂದು ಅವರು ಕೇಳಿದರು.

“ಅದು ದನಿಯಲ್ಲಿ ಗೊತ್ತಾಗತ್ತೆ.”

“ಮತ್ತೆ ಫೋನ್ ಮಾಡಿದ್ಯಲ್ಲ, ದನಿ ಕೇಳ್ಲಿಲ್ವಾ?”

ಅವರು ಚುಚ್ಚಲು ಹೇಳಿದ್ದಲ್ಲ. ಪತ್ರ ಮಡಚಿ ವಾಪಸ್ಸು ಕೊಟ್ಟು, ಬಟ್ಟೆ ಒಣಹಾಕಲು ಹೋದರು. ಸಹಿ ಹಾಕಿದರೆ ಆ ಹಾಳೆಯಲ್ಲಿ ಮೂರನೆಯ ಆಯ್ಕೆ ಇರಲಿಲ್ಲ ಎಂಬುದು, ಚೌಕ ಖಾಲಿ ಇಡಲು ಹೇಳಿದ್ದು, ಕಾಯಿಲೆ ಎಂದು ನಾನು ಹೇಳಿದ ಮೇಲೂ ಹಾಗೇ ಕಳಿಸಿದ್ದು, ಎಲ್ಲವೂ ನನ್ನ ಮೈಸೂರಿನ ಹಿಂದೆ ಮುಚ್ಚಿಹೋಗುತ್ತಿತ್ತು. ಮುಂದಿನ ಗುರುವಾರಗಳೂ ಹಾಗೆಯೇ ಬರುತ್ತಿದ್ದವು.

ಶನಿವಾರ ಕೂತು ಬೇರೆ ಹೇಳಿಕೆ ಬರೆದೆ. ಬಗ್ ಬರೆಯುವ ಕ್ರಮದಲ್ಲೇ ಬರೆದೆ, ನನಗೆ ಬರುವ ಬರವಣಿಗೆ ಅದೊಂದೇ. ಮೊದಲ ಗುರುವಾರ: ಗುಂಪಿನ ತಮಾಷೆಯ ನಡುವೆ ಸಂದೇಶವನ್ನು ತಪ್ಪಾಗಿ ಓದಿದೆ. ಎರಡನೆಯ ಗುರುವಾರ: ಕಾಯಿಲೆ ಎಂದು ಗೊತ್ತಿದ್ದೂ ‘ನಾಟ್ ವಿಲ್ಲಿಂಗ್’ ಎಂದು ದಾಖಲಿಸಿದೆ. ಮ್ಯಾನೇಜರ್‌ಗೆ ತಿಳಿಸಿದ್ದೆ. ಆ ದಿನದ ಕರೆಯ ಸಮಯವನ್ನು ಫೋನಿನಲ್ಲಿ ನೋಡಿ ನಮೂದಿಸಿದೆ. ಒಂದು ಸಲ ತಪ್ಪು, ಒಂದು ಸಲ ಸುಳ್ಳು. ಬರೆದಾಗ ಮನಸ್ಸು ಹಗುರವಾಯಿತು, ಅದನ್ನು ಮುಚ್ಚಿಡುವುದಿಲ್ಲ.

ಕೊಡುವ ಮೊದಲು ಆಕೆಗೆ ತೋರಿಸಬೇಕೆನಿಸಿತು. ಭಾನುವಾರ ಕೊಚ್ಚಿಗೆ ಮರಳಿ ಏಲೂರಿನ ಆಕೆಯ ಮನೆಗೆ ಹೋದೆ. ಕಿಟಕಿ ಮುಚ್ಚಿತ್ತು, ಗಾಳಿ ಕಾರ್ಖಾನೆಗಳ ಕಡೆಯಿಂದ ಬೀಸುತ್ತಿತ್ತು. ಆಕೆ ನನ್ನನ್ನು ತನ್ನ ಬಲಕ್ಕೆ ಕೂರಿಸಿಕೊಂಡಳು. ಹೇಳಿಕೆಯನ್ನು ಎರಡು ಸಲ ಓದಿದಳು, ಟೆಸ್ಟರ್ ಓದುವಂತೆ, ಸಾಲಿನ ಕೆಳಗೆ ಉಗುರು ಇಟ್ಟುಕೊಂಡು. ಮೊದಲ ಗುರುವಾರದ ಮೇಲೆ ಉಗುರು ನಿಂತಿತು.

“ಇದು ಶರಿಯಲ್ಲ ಚೇಚ್ಚಿ.”

ಏನು ಎಂದೆ. ಅಂದೂ ನೀವು ಫೋನ್ ಮಾಡಿದ್ದಿರಿ ಎಂದಳು. ಇಲ್ಲ, ಅದು ಎರಡನೆಯ ವಾರ ಎಂದೆ. ಖಚಿತವಾಗಿಯೇ ಹೇಳಿದೆ. ಆಕೆ ಒಳಗಿನಿಂದ ಫೋನ್ ತಂದು, ಕರೆಗಳ ಪಟ್ಟಿಯನ್ನು ಹಿಂದಕ್ಕೆ ಹಿಂದಕ್ಕೆ ಸರಿಸಿ ನನ್ನ ಕೈಗೆ ಕೊಟ್ಟಳು. ಮೊದಲ ಗುರುವಾರ, ಮೂರು ಗಂಟೆ ಐವತ್ತೆರಡು ನಿಮಿಷ. ನನ್ನ ಹೆಸರು. ಎರಡು ನಿಮಿಷದ ಮಾತು.

ನನ್ನ ಫೋನ್ ತೆಗೆದು ನೋಡಿದೆ. ಅದರಲ್ಲೂ ಇತ್ತು. ಎರಡನೆಯ ಗುರುವಾರದ ಕರೆಯನ್ನು ಹುಡುಕಿದಾಗ ಇನ್ನೊಂದು ವಾರ ಹಿಂದಕ್ಕೆ ಸರಿಸಿ ನೋಡಬೇಕೆಂದು ನನಗೆ ಅನ್ನಿಸಿರಲೇ ಇಲ್ಲ.

ಏನು ಮಾತಾಡಿದೆವು ಎಂದು ಕೇಳಿದೆ. “ನೀವೂ ಹೀಗೆ ಹೇಳಿದರೆ ನಾನೇನು ಮಾಡಲಿ ಎಂದಿರಿ,” ಆಕೆ ಹೇಳಿದಳು. “ಮಧ್ಯಾಹ್ನದಿಂದ ಒಂದು ಕಿವಿ ಅಡಚಿಹೋಗಿದೆ, ತಲೆ ಸುತ್ತುತ್ತಿದೆ ಎಂದೆ. ಶರಿ ಶರಿ ಎಂದು ಫೋನ್ ಇಟ್ಟಿರಿ.”

ನನಗೆ ಅದರ ಒಂದು ಪದವೂ ನೆನಪಿರಲಿಲ್ಲ. ಈಗಲೂ ಇಲ್ಲ. ಆ ಎರಡು ನಿಮಿಷವನ್ನು ಎಷ್ಟು ಹುಡುಕಿದರೂ ಸಿಗುವುದಿಲ್ಲ, ಸಿಗುವುದು ನಾಲ್ಕಕ್ಕೆ ಎರಡು ನಿಮಿಷ ಇರುವಾಗ ಹಾಳೆ ಕಳಿಸಿದ್ದು ಮಾತ್ರ. ಆಕೆ ಒಂದು ಪೆನ್ನು ತಂದುಕೊಟ್ಟಳು. ಮೊದಲ ಸಾಲನ್ನು ಹೊಡೆದು ಹಾಕಿ ಬರೆದೆ: ಮೊದಲ ಗುರುವಾರ ಮೂರು ಐವತ್ತೆರಡಕ್ಕೆ ನಾನು ಕರೆ ಮಾಡಿದ್ದೆ. ಕಿವಿ ಮತ್ತು ತಲೆಸುತ್ತಿನ ಬಗ್ಗೆ ನನಗೆ ಹೇಳಲಾಗಿತ್ತು ಎಂದು ಅವರು ಹೇಳುತ್ತಾರೆ. ನನಗೆ ನೆನಪಿಲ್ಲ. ಕರೆ ಆಗಿರುವುದು ಎರಡೂ ಫೋನುಗಳಲ್ಲಿದೆ.

“ಈಗ ಶರಿ,” ಎಂದಳು. ಚಹಾ ಕೊಡಲಿಲ್ಲ. ನಾನೂ ನಿರೀಕ್ಷಿಸಿರಲಿಲ್ಲ.

ಕಾರ್ಮಿಕ ಕಚೇರಿಯಲ್ಲಿ ರಾಜಿ ಮಾತುಕತೆ ನಡೆದದ್ದು ಒಂದು ಮಂಗಳವಾರ ಬೆಳಗ್ಗೆ. ಅಧಿಕಾರಿ ವಯಸ್ಸಾದವರು, ಎಲ್ಲವನ್ನೂ ಕೈಯಲ್ಲೇ ಬರೆದುಕೊಳ್ಳುವವರು. ಕಂಪನಿಯ ಪರವಾಗಿ ಮ್ಯಾನೇಜರ್ ಬಂದಿದ್ದರು. ನನ್ನ ಹೇಳಿಕೆಯಲ್ಲಿ ಹೊಡೆದು ಹಾಕಿದ ಸಾಲನ್ನೇ ಹಿಡಿದರು. ಸಾಕ್ಷಿಗೇ ನೆನಪಿಲ್ಲ, ಬರೆದದ್ದನ್ನು ಬದಲಿಸಿದ್ದಾರೆ, ಮನಸ್ಸಿನ ಭಾರ ಇಳಿಸಿಕೊಳ್ಳಲು ಬಂದವರ ಮಾತಿಗೆ ಎಷ್ಟು ಬೆಲೆ ಎಂದರು. ಆಮೇಲೆ ಒಂದು ಹೊಸ ಹಾಳೆ ತೋರಿಸಿದರು. ಈಗ ಅದರಲ್ಲಿ ಮೂರು ಆಯ್ಕೆ. ಮೂರನೆಯದು ಕಾಯಿಲೆ. ಆರಿಸುವವರು ಗುರುವಾರ ನಾಲ್ಕರೊಳಗೆ ಡಾಕ್ಟರ ಪತ್ರ ಸೇರಿಸಬೇಕು. ಇದು ಬಂದ ಮೇಲೆ ಇದುವರೆಗೆ ಒಬ್ಬರೂ ಅದನ್ನು ಆರಿಸಿಲ್ಲ, ನಮ್ಮಲ್ಲಿ ಎಲ್ಲರೂ ಆರೋಗ್ಯವಾಗಿದ್ದಾರೆ ಎಂದರು. ಅವರು ವ್ಯಂಗ್ಯವಾಡುತ್ತಿರಲಿಲ್ಲ.

ಅಧಿಕಾರಿ ನನ್ನ ಕಡೆ ತಿರುಗಿ, ಕೇರಳದಲ್ಲಿ ಎಷ್ಟು ವರ್ಷ ಎಂದು ಕೇಳಿದರು. ಹನ್ನೊಂದು ಎಂದೆ. ವಯ್ಯ ಎಂದರೆ ಗೊತ್ತೇ ಎಂದರು. ಗೊತ್ತು ಎಂದೆ. ಆಗಲೂ ಗೊತ್ತಿತ್ತೇ ಎಂದರು. ಗೊತ್ತಿತ್ತು ಎಂದೆ. ಅಷ್ಟೇ ಬರೆದುಕೊಂಡರು.

ಕೆಲಸ ಸಿಗಲಿಲ್ಲ. ಧ್ವನಿ ಪರೀಕ್ಷೆಯ ಹುದ್ದೆಗೆ ಎರಡು ಕಿವಿ ಬೇಕು ಎಂದು ಕಂಪನಿ ಹೇಳಿತು. ಬೇರೆ ಹುದ್ದೆ ಖಾಲಿ ಇಲ್ಲ ಎಂದಿತು. ಅವಧಿ ಮುಗಿದ ಕಾಂಟ್ರ್ಯಾಕ್ಟನ್ನು ಮುಂದುವರಿಸಿ ಎಂದು ಆದೇಶಿಸಲು ತಮಗೆ ಬರುವುದಿಲ್ಲ ಎಂದು ಅಧಿಕಾರಿ ಆಕೆಗೆ ನಿಧಾನವಾಗಿ, ಬಲಕ್ಕೆ ಬಾಗಿ ವಿವರಿಸಿದರು. ದಾಖಲೆ ತಿದ್ದಲು ಮಾತ್ರ ಕಂಪನಿ ಒಪ್ಪಿತು. ‘ಅನಾರೋಗ್ಯ, ಸ್ಪಷ್ಟವಾಗಿ ತಿಳಿಸಿರಲಿಲ್ಲ’ ಎಂದು ಬರೆಯೋಣ ಎಂದು ಮ್ಯಾನೇಜರ್ ಸೂಚಿಸಿದರು.

ಆಕೆ ಬೇಡ ಎಂದಳು. ಇಂಗ್ಲಿಷಿನಲ್ಲೂ ಬೇಡ, ನಾನು ಕಳಿಸಿದ ಮಾತನ್ನೇ ಮಲಯಾಳದಲ್ಲಿ ಬರೆಯಿರಿ ಎಂದಳು. ನಮ್ಮ ಕಂಪ್ಯೂಟರ್ ಇಂಗ್ಲಿಷ್ ಮಾತ್ರ ತೆಗೆದುಕೊಳ್ಳುತ್ತದೆ ಎಂದು ಮ್ಯಾನೇಜರ್ ಹೇಳಿದರು. ಅಧಿಕಾರಿ, ನನ್ನ ಕಾಗದ ಮಲಯಾಳ ತೆಗೆದುಕೊಳ್ಳುತ್ತದೆ ಎಂದು ಹೇಳಿ, ಎರಡೂ ದಿನಾಂಕಗಳ ಮುಂದೆ ‘ವಯ್ಯ’ ಎಂದು ಬರೆದು, ಸಹಿಗೆ ನಮ್ಮತ್ತ ಸರಿಸಿದರು. ಮ್ಯಾನೇಜರ್ ಸಹಿ ಹಾಕಿದರು. ನಾನೂ ಹಾಕಿದೆ.

ಆಕೆ ಹಾಕಲಿಲ್ಲ. ಫೋನಿನಲ್ಲಿ ಮೊದಲ ಗುರುವಾರದ ಸಂದೇಶವನ್ನು ತೆರೆದು ಅಧಿಕಾರಿಯ ಮುಂದೆ ಇಟ್ಟಳು.

“ತೀರೆ ವಯ್ಯ ಅಂತಿದೆ ಸಾರ್. ‘ತೀರೆ’ ಬಿಟ್ಟುಹೋಗಿದೆ.”

ತೀರೆ ವಯ್ಯ ಎಂದರೆ ಸ್ವಲ್ಪವೂ ಆಗುತ್ತಿಲ್ಲ ಎಂದು, ತೀರೆ ಅಂದರೆ ನಮ್ಮ ತೀರಾ. ಆ ಪದ ಸೇರಿದರೆ ಮಾತು ತಮಾಷೆಯಾಗಿ ಉಳಿಯುವುದಿಲ್ಲ, ಇಷ್ಟವಿಲ್ಲ ಎಂದೂ ಆಗುವುದಿಲ್ಲ. ಮೂರನೆಯ ತರಗತಿಯ ಮಗುವಿಗೂ ಅದು ಗೊತ್ತು. ನಾನು ಆ ಸಂದೇಶವನ್ನು ಅಂದು ಓದಿದ್ದೆ, ಹೇಳಿಕೆ ಬರೆಯುವಾಗ ಮತ್ತೆ ಓದಿದ್ದೆ, ಎರಡು ಸಲವೂ ಆ ಪದವನ್ನು ದಾಟಿಕೊಂಡು ಹೋಗಿದ್ದೆ.

ಅಧಿಕಾರಿ ಸಾಲಿನ ಮೇಲೆ ಸಣ್ಣಕ್ಷರದಲ್ಲಿ ‘ತೀರೆ’ ಎಂದು ಸೇರಿಸಿ, ತಿದ್ದಿದ ಜಾಗದಲ್ಲಿ ಮತ್ತೆ ಸಹಿ ಹಾಕಬೇಕೆಂದು ನಮ್ಮಿಬ್ಬರಿಗೂ ಹೇಳಿದರು. ಹಾಕಿದೆವು. ಆಕೆ ಇಡೀ ಪುಟವನ್ನು ಮೊದಲಿನಿಂದ ಕೊನೆಯವರೆಗೆ ಇನ್ನೊಮ್ಮೆ ಓದಿದಳು. ಆಮೇಲೆ ತನ್ನ ಹೆಸರು ಬರೆದಳು.